ಕಾರ್ಡು ಬರುವತನಕ ಹೊಟ್ಟೆ ಕಾಯುವುದಿಲ್ಲ!

ಡಬ್ಲಿನ್, ಕಾರ್ಕ್, ಗಾಲ್ವೆ, ಲಿಮೆರಿಕ್‌ನಲ್ಲಿರುವ ಕನ್ನಡದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ!

ಈ ಹಾಳೆಯನ್ನು ಮಡಚಿ ಜೇಬಿಗೆ ಇಡಬೇಡಿ. ಈಗಲೇ ಓದಿ. ಇದು ನಿಮ್ಮ ಮನೆಯ ಮಾತು. ನಮ್ಮ ಮನೆಯ ಮಾತೂ ಹೌದು.

ನಿಮ್ಮ ಗಂಡನ ಹತ್ತಿರ ಪೋರ್ಚುಗಲ್ ಪಾಸ್‌ಪೋರ್ಟ್ ಇದೆ. ಇಲ್ಲವೇ ನಿಮ್ಮ ಹೆಂಡತಿ ಜರ್ಮನಿಯವರು, ಪೋಲೆಂಡಿನವರು. ನಿಮ್ಮ ಹತ್ತಿರ ಇರುವುದು ಭಾರತದ ನೀಲಿ ಪಾಸ್‌ಪೋರ್ಟ್. ಮನೆ ಒಂದೇ. ಒಲೆ ಒಂದೇ. ಬಾಡಿಗೆ ಒಂದೇ. ಆದರೆ ಅವರು ವಿಮಾನ ಇಳಿದ ಮರುದಿನವೇ ಕೆಲಸಕ್ಕೆ ಸೇರಬಹುದು. ನೀವು ಹೋದರೆ ಬಾಗಿಲಲ್ಲೇ ಪ್ರಶ್ನೆ: "ಕಾರ್ಡು ಎಲ್ಲಿ?"

ವಾಸದ ಕಾರ್ಡು ಕೊಡಬೇಕಾದವರು ಇನ್ನೂ ಕೊಟ್ಟಿಲ್ಲ! ಶಿಕ್ಷೆ ಯಾರಿಗೆ? ನಿಮಗೆ!

ಸಾಕು! ಇನ್ನೆಷ್ಟು ದಿನ ಹಲ್ಲು ಕಚ್ಚಿಕೊಂಡು ಕೂರೋಣ?

ನಮ್ಮೊಳಗೆ ಯಾರು ಯಾರು ಇದ್ದಾರೆ, ಒಮ್ಮೆ ಸುತ್ತ ನೋಡಿ.

ಕಾರವಾರದ ಹೆಣ್ಣುಮಗಳು ಇದ್ದಾಳೆ. ಮಡಗಾಂವಿನ ಹುಡುಗನನ್ನು ಮದುವೆಯಾದವಳು. ಗೋವಾ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಅದಕ್ಕೂ ಮುಂಚೆ ಅಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗಲ್ಲಿನ ಪೌರತ್ವ ಪಡೆಯುತ್ತ ಬಂದಿದ್ದಾರೆ. ಆ ಪಾಸ್‌ಪೋರ್ಟ್ ಹಿಡಿದು ಹುಡುಗ ಐರ್ಲೆಂಡಿಗೆ ಬಂದ. ಗೋದಾಮಿನಲ್ಲಿ ರಾತ್ರಿಪಾಳಿ. ಅವಳು ಬಿಎಸ್ಸಿ ಓದಿದವಳು, ಊರಿನ ಶಾಲೆಯಲ್ಲಿ ಪಾಠ ಹೇಳಿದವಳು. ಈಗ ಬೇರೆಯವರ ಮನೆಯ ಒಂದು ಕೋಣೆಯಲ್ಲಿ ಹಗಲಿಡೀ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಗಂಡ ಮಲಗಿರುತ್ತಾನೆ, ಸದ್ದು ಮಾಡುವಂತಿಲ್ಲ. ಹೊರಗೆ ಹೋದರೆ ಬಸ್ಸಿಗೆ ದುಡ್ಡು, ಚಹಾಕ್ಕೆ ದುಡ್ಡು.

ಬೆಂಗಳೂರಿನ ದಂಪತಿ ಇದ್ದಾರೆ. ನೆದರ್‌ಲ್ಯಾಂಡ್ಸಿನಲ್ಲಿ ಹಲವು ವರ್ಷ ದುಡಿದವರು. ಗಂಡ ಅಲ್ಲಿಯ ಪೌರತ್ವ ತೆಗೆದುಕೊಂಡ. ಹೆಂಡತಿ ತೆಗೆದುಕೊಳ್ಳಲಿಲ್ಲ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ, ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಹೆಸರಿನಲ್ಲಿ ತೋಟ ಇದೆ. ಒಬ್ಬರಾದರೂ ಭಾರತದವರಾಗಿ ಉಳಿಯೋಣ ಎಂದರು. ಎಷ್ಟು ಮನೆಗಳಲ್ಲಿ ಈ ಮಾತು ನಡೆದಿದೆ, ನಿಮಗೇ ಗೊತ್ತು! ಈಗ ಗಂಡನಿಗೆ ಡಬ್ಲಿನ್ನಿನಲ್ಲಿ ಕೆಲಸ. ಹೆಂಡತಿ ಹೊಸದಾಗಿ ಸಾಲಿನ ಕೊನೆಯಲ್ಲಿ ನಿಂತಿದ್ದಾಳೆ.

ಮಂಗಳೂರಿನ ನರ್ಸ್ ಇದ್ದಾರೆ. ಐಸಿಯುವಿನಲ್ಲಿ ವರ್ಷಗಟ್ಟಲೆ ರೋಗಿಗಳ ಉಸಿರು ಕಾದವರು. ಇಲ್ಲಿಯ ಆಸ್ಪತ್ರೆಗಳು ನರ್ಸುಗಳನ್ನು ಹುಡುಕಿಕೊಂಡು ಕೇರಳಕ್ಕೆ, ಕರಾವಳಿಗೆ ಬರುತ್ತವೆ. ಇಲ್ಲೇ ಕಣ್ಣೆದುರಿಗೆ ಕೂತಿರುವ ನರ್ಸ್ ಯಾರಿಗೂ ಕಾಣುವುದಿಲ್ಲ! ಆಕೆಯ ತಪ್ಪು ಏನು? ಕೈಯಲ್ಲಿ ಕಾರ್ಡು ಇಲ್ಲ, ಅಷ್ಟೇ.

ಆ ಪತ್ರವನ್ನು ನೀವೂ ನೋಡಿದ್ದೀರಿ. ಒಂದೇ ಹಾಳೆ. ಮೇಲೆ ನಿಮ್ಮ ಹೆಸರು, ಪಕ್ಕದಲ್ಲಿ ಒಂದು ನಂಬರು, ಕೆಳಗೆ ಅರ್ಜಿ ತಲುಪಿದೆ ಎಂಬ ಎರಡು ಸಾಲು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಟ್ಟೆಯ ಬೀರುವಿನಲ್ಲಿ ಇಡುತ್ತೀರಿ. ಇಂಟರ್‌ವ್ಯೂ ದಿನ ಇಸ್ತ್ರಿ ಮಾಡಿದ ಅಂಗಿಯ ಜೊತೆ ಅದನ್ನೂ ತೆಗೆಯುತ್ತೀರಿ. ಇಂಟರ್‌ವ್ಯೂ ಚೆನ್ನಾಗಿ ಆಗುತ್ತದೆ. ಯಾವಾಗ ಸೇರಬಹುದು ಎಂದೂ ಕೇಳುತ್ತಾರೆ. ಆಮೇಲೆ ಎಚ್‌ಆರ್‌ನವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಬೆನ್ನು ಖಾಲಿ. ಫೋಟೊ ತೆಗೆದು ಮೇಲಿನವರಿಗೆ ಕಳಿಸುತ್ತಾರೆ. "ಕಾರ್ಡು ಬಂದ ಮೇಲೆ ದಯವಿಟ್ಟು ತಿಳಿಸಿ" ಎನ್ನುತ್ತಾರೆ.

ಕಾರ್ಡು ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ!

ಇದು ನಮ್ಮಲ್ಲಿ ಎಷ್ಟು ಜನರಿಗೆ ಆಗಿದೆ? ಕೇಳಿ ನೋಡಿ. ಕನ್ನಡ ರಾಜ್ಯೋತ್ಸವಕ್ಕೆ ಸೇರಿದಾಗ ಕೇಳಿ, ಗಣಪತಿ ಪೂಜೆಗೆ ಹೋದಾಗ ಕೇಳಿ. ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿರುತ್ತಾರೆ. "ಏನು ಮಾಡ್ಕೊಂಡಿದ್ದೀರಿ?" ಎಂದು ಯಾರಾದರೂ ಕೇಳಿಬಿಟ್ಟಾರು ಎಂಬ ಹೆದರಿಕೆ. ಎಂಟೆಕ್ ಮಾಡಿದವರು, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು "ಸದ್ಯಕ್ಕೆ ಮನೆಯಲ್ಲೇ" ಎಂದು ತಲೆ ತಗ್ಗಿಸುತ್ತಾರೆ. ತಲೆ ತಗ್ಗಿಸಬೇಕಾದವರು ಅವರಲ್ಲ!

ಈಗ ಕಾನೂನಿನ ಮಾತು ಕೇಳಿ. ಇದನ್ನು ಯಾರೂ ನಿಮಗೆ ಕೂರಿಸಿ ಹೇಳಿಲ್ಲ.

2004ರ ಏಪ್ರಿಲ್ 29ರಂದು ಐರೋಪ್ಯ ಒಕ್ಕೂಟ ಒಂದು ನಿರ್ದೇಶನ ಹೊರಡಿಸಿತು. 2004/38 ಅದರ ನಂಬರು. ಈ ನಂಬರನ್ನು ಬಾಯಿಪಾಠ ಮಾಡಿ! ಒಕ್ಕೂಟದ ಯಾವುದೇ ದೇಶದ ಪ್ರಜೆ ಒಕ್ಕೂಟದ ಇನ್ನೊಂದು ದೇಶಕ್ಕೆ ಹೋಗಿ ದುಡಿಯುತ್ತಿದ್ದರೆ, ಅವರ ಗಂಡ ಅಥವಾ ಹೆಂಡತಿ ಯಾವ ದೇಶದವರಾದರೂ ಸರಿ, ಜೊತೆಯಲ್ಲಿ ಇರಬಹುದು. 23ನೇ ವಿಧಿ ಇನ್ನೂ ಸ್ಪಷ್ಟ: ಅವರು ಕೆಲಸ ಮಾಡಬಹುದು, ಸ್ವಂತ ವ್ಯಾಪಾರವನ್ನೂ ನಡೆಸಬಹುದು. ಅದಕ್ಕೆ ಬೇರೆ ವರ್ಕ್ ಪರ್ಮಿಟ್ ಬೇಡ.

10ನೇ ವಿಧಿ ಓದಿ. ಅರ್ಜಿ ಹಾಕಿದ ಕೂಡಲೇ ಅರ್ಜಿ ಹಾಕಿದ್ದಕ್ಕೆ ಪ್ರಮಾಣಪತ್ರ ಕೊಡಬೇಕು. ಕೂಡಲೇ! ಹೆಚ್ಚೆಂದರೆ ಆರು ತಿಂಗಳೊಳಗೆ ಕಾರ್ಡು ಕೊಡಬೇಕು. ಆರು ತಿಂಗಳು ಎಂದರೆ ಫೈಲು ಮೇಜಿನಿಂದ ಮೇಜಿಗೆ ಹೋಗುವ ಆರು ತಿಂಗಳಲ್ಲ. ತೀರ್ಮಾನ ನಿಮ್ಮ ಕೈ ಸೇರಬೇಕಾದ ಆರು ತಿಂಗಳು. 2018ರ ಜೂನ್‌ನಲ್ಲಿ, ಬೆಲ್ಜಿಯಂನ ಒಂದು ಪ್ರಕರಣದಲ್ಲಿ, ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯ ಇದನ್ನೇ ಹೇಳಿತು.

25ನೇ ವಿಧಿ ಎಲ್ಲಕ್ಕಿಂತ ಮುಖ್ಯ. ಈ ಕಾರ್ಡು, ಈ ಪ್ರಮಾಣಪತ್ರ ಇದ್ದರೆ ಮಾತ್ರ ಹಕ್ಕು ಎಂದು ಯಾರೂ ಷರತ್ತು ಹಾಕುವಂತಿಲ್ಲ. ನಿಮ್ಮ ಹಕ್ಕನ್ನು ಬೇರೆ ಯಾವ ದಾಖಲೆಯಿಂದಲೂ ತೋರಿಸಬಹುದು.

ಊರಲ್ಲಿ ಜಮೀನು ನಿಮ್ಮದು. ಪಹಣಿ ಬರುವುದು ತಡವಾಯಿತು. ಹಾಗಂತ ಆ ವರ್ಷ ಬಿತ್ತಬೇಡಿ ಎನ್ನುವವರನ್ನು ನೀವು ಒಪ್ಪುತ್ತೀರಾ? ಇಲ್ಲೇಕೆ ಒಪ್ಪಬೇಕು?

ಹಕ್ಕು ನಿಮ್ಮದು. ಅದು ಮದುವೆಯಾದ ದಿನ, ನಿಮ್ಮ ಸಂಗಾತಿ ಇಲ್ಲಿ ಕೆಲಸಕ್ಕೆ ಸೇರಿದ ದಿನ ಬಂದಿದೆ. ಆದರೆ ಸಂಬಳ ಕೊಡುವವರಿಗೆ ದಂಡದ ಹೆದರಿಕೆ. ಪರ್ಮಿಟ್ ಇಲ್ಲದವರನ್ನು ಇಟ್ಟುಕೊಂಡರೆ ಕೇಸು ಬೀಳುತ್ತದೆ ಎಂದು ಗೊತ್ತು. ನಿಮಗೆ ಪರ್ಮಿಟ್ಟೇ ಬೇಡ ಎಂಬುದು ಗೊತ್ತಿಲ್ಲ. ಅರ್ಜಿ ಸರಿಯಿದೆ ಎಂದು ಕಂಡರೆ ತಾತ್ಕಾಲಿಕ ಅನುಮತಿ ಕೊಡುವ ಪದ್ಧತಿ ಐರ್ಲೆಂಡಿನಲ್ಲಿ ಇದೆ. ಅದರ ಮೇಲೂ ಮುಗಿಯುವ ತಾರೀಖು! ಆ ತಾರೀಖನ್ನು ನೋಡಿದ ಕೂಡಲೇ ಕಂಪನಿಯವರು ಹಿಂದೆ ಸರಿಯುತ್ತಾರೆ. ಬ್ಯಾಂಕಿನವರು ಸರಿಯುತ್ತಾರೆ. ಮನೆ ಬಾಡಿಗೆ ಕೊಡುವವರೂ ಸರಿಯುತ್ತಾರೆ.

ಈ ಸರ್ಕಾರಕ್ಕೆ ಕಾನೂನು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು! ಅದನ್ನು ನ್ಯಾಯಾಲಯದಲ್ಲಿ ನಿಲ್ಲಿಸಿ ಕಲಿಸಿದವರು ನಿಮ್ಮಂಥ, ನಮ್ಮಂಥ ಸಾಮಾನ್ಯ ಜನ.

2006ರಲ್ಲಿ ಐರ್ಲೆಂಡ್ ಒಂದು ನಿಯಮ ತಂದಿತು. ಹೊರಗಿನ ಗಂಡ ಅಥವಾ ಹೆಂಡತಿ ಇಲ್ಲಿಗೆ ಬರುವ ಮುಂಚೆ ಒಕ್ಕೂಟದ ಇನ್ನೊಂದು ದೇಶದಲ್ಲಿ ಕಾನೂನುಬದ್ಧವಾಗಿ ಇದ್ದಿರಬೇಕು, ಇಲ್ಲದಿದ್ದರೆ ಕಾರ್ಡು ಇಲ್ಲ. ಎಷ್ಟು ಮನೆ ಮುರಿಯುವ ನಿಯಮ! ನಾಲ್ಕು ದಂಪತಿಗಳು ಎದ್ದು ನಿಂತರು. ಒಬ್ಬ ಕ್ಯಾಮರೂನ್ ದೇಶದವನು. ಅವನ ಹೆಂಡತಿಯೂ ಅದೇ ನೆಲದಲ್ಲಿ ಹುಟ್ಟಿ ಬ್ರಿಟನ್ ಪ್ರಜೆಯಾದವಳು, ಐರ್ಲೆಂಡಿನಲ್ಲಿ ದುಡಿಯುತ್ತಿದ್ದವಳು. ಇಬ್ಬರು ಮಕ್ಕಳು. ಅಪ್ಪನಿಗೆ ಕಾರ್ಡು ಇಲ್ಲ ಎಂದಿತು ಸರ್ಕಾರ!

2008ರ ಜುಲೈ 25. ಲಕ್ಸೆಂಬರ್ಗಿನಲ್ಲಿ ತೀರ್ಪು ಬಂತು. ಮೆಟಾಕ್ ತೀರ್ಪು ಎಂದು ಅದಕ್ಕೆ ಹೆಸರು. ಮೊದಲು ಎಲ್ಲಿದ್ದಿರಿ ಎಂದು ಕೇಳುವಂತಿಲ್ಲ, ಎಲ್ಲಿ ಮದುವೆಯಾದಿರಿ, ಯಾವಾಗ ಮದುವೆಯಾದಿರಿ ಎಂಬುದೂ ಮುಖ್ಯವಲ್ಲ ಎಂದಿತು ನ್ಯಾಯಾಲಯ. ಅದೇ ತಿಂಗಳು ಮುಗಿಯುವುದರೊಳಗೆ ಐರ್ಲೆಂಡ್ ತನ್ನ ನಿಯಮ ತಿದ್ದಿತು. ತಿದ್ದಿಸಿದ್ದು ನಾಲ್ಕು ಮನೆಗಳ ಜನ! ನಾಲ್ಕೇ ಮನೆ!

ಇನ್ನೊಬ್ಬನ ಕತೆ ಕೇಳಿ. ನೈಜೀರಿಯಾದವನು, ಫ್ರಾನ್ಸಿನವಳನ್ನು 1999ರಲ್ಲಿ ಮದುವೆಯಾದವನು. ಇಲ್ಲಿಯ ಅಂಚೆ ಸಂಸ್ಥೆಯಲ್ಲಿ 2001ರಿಂದ ಕೆಲಸ ಮಾಡುತ್ತಿದ್ದ. ಕಾಗದ ಸರಿಯಿಲ್ಲ ಎಂದು 2007ರಲ್ಲಿ ಕೆಲಸದಿಂದ ತೆಗೆದರು. ಅವನಿಗೆ ಇಲ್ಲಿ ಕಾಯಂ ವಾಸದ ಹಕ್ಕು ಆಗಲೇ ಬಂದಾಗಿತ್ತು ಎಂಬುದು ಲಕ್ಸೆಂಬರ್ಗಿನ ತೀರ್ಪಿನಿಂದ ಖಚಿತವಾಗಿದ್ದು 2014ರ ಜುಲೈನಲ್ಲಿ. ನಡುವೆ ಏಳು ವರ್ಷ! ಹೋದ ಸಂಬಳ, ಹೋದ ಮಾನ, ಹೋದ ನಿದ್ದೆ. ಯಾವ ತೀರ್ಪು ಅದನ್ನೆಲ್ಲ ತಂದುಕೊಡುತ್ತದೆ?

ಅಕ್ಕತಂಗಿಯರೇ, ನಿಮ್ಮ ಹತ್ತಿರ ಒಂದು ಮಾತು. ಇದನ್ನು ಗಂಡಸರೂ ಓದಬೇಕು.

ಸಂಬಳ ಇಲ್ಲದ ಹೆಂಗಸು ಪ್ರತಿ ಯೂರೋಗೆ ಕೈಚಾಚಬೇಕು. ಊರಿನಲ್ಲಿ ಅಮ್ಮನಿಗೆ ಔಷಧಿಗೆ ದುಡ್ಡು ಕಳಿಸುತ್ತಿದ್ದವಳು ಈಗ ಕೇಳಿ ಕಳಿಸಬೇಕು. ಗಂಡ ಒಳ್ಳೆಯವನಾದರೆ ಸರಿ. ಕೈ ಎತ್ತುವವನಾದರೆ? "ನಿನ್ನ ಕಾರ್ಡು ನನ್ನಿಂದ ಬಂದದ್ದು, ನಾನು ಹೋದರೆ ನೀನೂ ಊರಿಗೆ" ಎಂದು ಹೆದರಿಸುವವನಾದರೆ?

ಈ ಬೆದರಿಕೆಯನ್ನು ನಮ್ಮ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಗೋಡೆಯಾಚೆಯವರಿಗೆ ಮಾತ್ರ ಕೇಳಿಸುತ್ತದೆ.

ಕಾನೂನು ಅವರನ್ನು ಅರ್ಧ ಕಾಯುತ್ತದೆ, ಅರ್ಧ ಕೈಬಿಡುತ್ತದೆ. ಮದುವೆ ಮೂರು ವರ್ಷ ನಡೆದಿದ್ದು, ಅದರಲ್ಲಿ ಒಂದು ವರ್ಷ ಇಲ್ಲಿ ಕಳೆದಿದ್ದರೆ ವಿಚ್ಛೇದನದ ನಂತರವೂ ಇಲ್ಲೇ ಇರಬಹುದು ಎನ್ನುತ್ತದೆ 13ನೇ ವಿಧಿ. ಮನೆಯೊಳಗಿನ ಹಿಂಸೆಗೆ ಸಿಕ್ಕವರಿಗೆ ಮೂರು ವರ್ಷವೂ ಬೇಡ. ಆದರೆ 2015ರ ಜುಲೈನಲ್ಲಿ ಇನ್ನೊಂದು ತೀರ್ಪು ಬಂತು. ಅದು ಕುಲದೀಪ್ ಸಿಂಗ್ ಪ್ರಕರಣ. ನಮ್ಮ ದೇಶದವನೇ. ಓದಲು ಐರ್ಲೆಂಡಿಗೆ ಬಂದವನು, 2005ರಲ್ಲಿ ಲಾಟ್ವಿಯಾದವಳನ್ನು ಮದುವೆಯಾದವನು, ಒಬ್ಬ ಮಗನ ತಂದೆ. ಹೆಂಡತಿ ಮೊದಲು ದೇಶ ಬಿಟ್ಟು ಹೋಗಿ, ವಿಚ್ಛೇದನದ ಅರ್ಜಿ ಆಮೇಲೆ ಬಿದ್ದರೆ, ಗಂಡನ ಹಕ್ಕು ಅವಳು ವಿಮಾನ ಹತ್ತಿದ ದಿನವೇ ಮುಗಿದಂತೆ ಎಂದಿತು ನ್ಯಾಯಾಲಯ!

ಯೋಚಿಸಿ ನೋಡಿ! ಯಾರೋ ಒಬ್ಬರು ಹೇಳದೆ ಕೇಳದೆ ಒಂದು ಟಿಕೆಟ್ ತೆಗೆದರೆ, ನೀವು ಇಷ್ಟು ವರ್ಷ ಕಟ್ಟಿದ ಬದುಕು ಬೀದಿಗೆ!

ಅದರ ಮೇಲೆ ಐರ್ಲೆಂಡಿನಲ್ಲಿ ವಿಚ್ಛೇದನಕ್ಕೆ ಮೊದಲೇ ಬೇರೆ ಬೇರೆ ಬದುಕಿರಬೇಕು. ಹಿಂದೆ ನಾಲ್ಕು ವರ್ಷ ಇತ್ತು. 2019ರ ಜನಮತಗಣನೆಯ ನಂತರ ಎರಡು ವರ್ಷ ಆಗಿದೆ. ಆ ಎರಡು ವರ್ಷದಲ್ಲಿ ಅವರು ದೇಶ ಬಿಟ್ಟರೆ? ನಿಮ್ಮ ಕಾಲ ಕೆಳಗಿನ ನೆಲ ಹೋಯಿತು!

ಒಂದು ಬಾಗಿಲು ಮಾತ್ರ ತೆರೆದಿದೆ, ನೆನಪಿಡಿ. ಹಿಂಸೆಗೆ ಸಿಕ್ಕವರು, ಸಂಗಾತಿ ದೇಶ ಬಿಟ್ಟ ಮೇಲೂ ತಡಮಾಡದೆ ವಿಚ್ಛೇದನದ ಪ್ರಕ್ರಿಯೆ ಶುರುಮಾಡಿದರೆ ಹಕ್ಕು ಉಳಿಯಬಹುದು ಎಂದು 2021ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯ ಹೇಳಿದೆ. ತಡಮಾಡಬೇಡಿ ತಾಯಿ! ನಾಳೆ ನೋಡೋಣ ಎನ್ನಬೇಡಿ. ಇವತ್ತೇ ವಕೀಲರ ಹತ್ತಿರ ಹೋಗಿ. ಜೊತೆಗೆ ನಮ್ಮಲ್ಲಿ ಯಾರನ್ನಾದರೂ ಕರೆಯಿರಿ, ಬರುತ್ತೇವೆ.

ಇನ್ನು ನಮ್ಮ ಮದುವೆಗಳನ್ನೇ ಅನುಮಾನಿಸುವ ಸಂಗತಿ.

"ಎಲ್ಲಿ ಭೇಟಿಯಾದಿರಿ? ಎಷ್ಟು ಕಾಲ ಒಡನಾಟ ಇತ್ತು? ಫೋಟೊ ಇದೆಯೇ? ಮೆಸೇಜು ಇದೆಯೇ?" ಪ್ರಶ್ನೆ ಮೇಲೆ ಪ್ರಶ್ನೆ. ನಮ್ಮಲ್ಲಿ ಹಿರಿಯರು ಜಾತಕ ನೋಡಿದರು. ಹುಡುಗ ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ಹೋದ. ಎರಡನೇ ಸಲ ಕಾಫಿ ಕುಡಿಯುತ್ತ ಇಬ್ಬರೂ ಮಾತಾಡಿದರು. ಒಪ್ಪಿದರು. ಮುಹೂರ್ತಕ್ಕೆ ತಾಳಿ ಬಿತ್ತು. ಲಕ್ಷಾಂತರ ಮನೆಗಳು ಹೀಗೇ ಕಟ್ಟಿಕೊಂಡಿವೆ, ಮೊಮ್ಮಕ್ಕಳನ್ನು ಕಂಡಿವೆ. ಆ ಮದುವೆಯನ್ನು ಪಾಸ್‌ಪೋರ್ಟಿಗಾಗಿ ಮಾಡಿಕೊಂಡ ನಾಟಕ ಎಂದು ಅನುಮಾನಿಸಿದರೆ ಹೊಟ್ಟೆ ಉರಿಯುವುದಿಲ್ಲವೇ?

ಗೊತ್ತಿರಲಿ! ಗಂಡು ಹೆಣ್ಣು ಇಬ್ಬರೂ ಮನಸಾರೆ ಒಪ್ಪಿದ ಹಿರಿಯರ ಮದುವೆ ನಿಜವಾದ ಮದುವೆಯೇ ಎಂದು ಐರೋಪ್ಯ ಆಯೋಗದ 2014ರ ಕೈಪಿಡಿಯೇ ಹೇಳುತ್ತದೆ. ಮೋಸ ಎಂದು ಸಾಬೀತು ಮಾಡುವ ಹೊರೆ ಸರ್ಕಾರದ ಮೇಲಿದೆ, ನಿಮ್ಮ ಮೇಲಿಲ್ಲ. ಬರೀ ಅನುಮಾನದ ಮೇಲೆ ಫೈಲನ್ನು ಕಟ್ಟಿ ಇಡುವಂತಿಲ್ಲ. ಮೋಸದ ಮದುವೆ ಮಾಡಿಸಿ ದುಡ್ಡು ಹೊಡೆಯುವ ದಲ್ಲಾಳಿಗಳು ಇದ್ದಾರೆ, ಅವರನ್ನು ಹಿಡಿಯಲಿ! ಅವರಿಂದ ಮೊದಲು ಕೆಟ್ಟ ಹೆಸರು ಬಂದದ್ದು ನಮಗೇ. ಅವರ ಪಾಪಕ್ಕೆ ನಮ್ಮ ಹೆಣ್ಣುಮಕ್ಕಳು ಏಕೆ ದಂಡ ಕಟ್ಟಬೇಕು?

ಊರಲ್ಲೇ ಸಿಕ್ಕಿಕೊಂಡವರನ್ನೂ ಮರೆಯಬೇಡಿ. ಗಂಡ ಇಲ್ಲಿ, ಹೆಂಡತಿ ಹುಬ್ಬಳ್ಳಿಯಲ್ಲಿ. ಮಗು ವಿಡಿಯೊ ಕಾಲ್‌ನಲ್ಲಿ ಅಪ್ಪನ ಮುಖ ಮುಟ್ಟಲು ಹೋಗಿ ಗಾಜು ಮುಟ್ಟುತ್ತದೆ. ನಿರ್ದೇಶನದ 5ನೇ ವಿಧಿಯ ಪ್ರಕಾರ ಇಂಥವರಿಗೆ ವೀಸಾ ಪುಕ್ಕಟೆ, ಅದೂ ಆದಷ್ಟು ಬೇಗ. ನಾಲ್ಕು ವಾರಕ್ಕಿಂತ ಹೆಚ್ಚು ತಡ ಸರಿಯಲ್ಲ ಎಂದು ಐರೋಪ್ಯ ಆಯೋಗ 2009ರಲ್ಲೇ ಹೇಳಿದೆ. ನಾಲ್ಕು ವಾರ! ನಿಮ್ಮ ಮನೆಯ ಕ್ಯಾಲೆಂಡರ್ ನೋಡಿ, ಎಷ್ಟು ಹಾಳೆ ತಿರುವಿ ಹಾಕಿದ್ದೀರಿ ಎಂದು.

ನಿಮ್ಮ ಸಂಗಾತಿ ಐರಿಶ್ ಪ್ರಜೆಯೇ? ಹಾಗಾದರೆ ನಿಮ್ಮ ಗೋಳು ಇನ್ನೂ ದೊಡ್ಡದು. ಈ ನಿರ್ದೇಶನ ತನ್ನ ದೇಶ ಬಿಟ್ಟು ಬೇರೆ ದೇಶಕ್ಕೆ ಹೋದವರಿಗೆ ಮಾತ್ರ. ಡಬ್ಲಿನ್ನಿನಲ್ಲಿರುವ ಪೋರ್ಚುಗಲ್ ಪ್ರಜೆಯ ಹೆಂಡತಿಗೆ ಇರುವ ಹಕ್ಕು, ಡಬ್ಲಿನ್ನಿನಲ್ಲೇ ಐರಿಶ್ ಪ್ರಜೆಯಾದ ನಮ್ಮ ಮೈಸೂರಿನವನ ಹೆಂಡತಿಗೆ ಇಲ್ಲ! ಅವಳು ದೇಶದ ಸ್ವಂತ ನಿಯಮಗಳ ಕೆಳಗೆ ಕಾಯಬೇಕು. ತೆರಿಗೆ ಕಟ್ಟಿ, ಪ್ರತಿಜ್ಞೆ ಮಾಡಿ, ಈ ನೆಲದ ಪ್ರಜೆಯಾದವನಿಗೆ ಸಿಕ್ಕ ಬಹುಮಾನ ಇದೇ?

ಅದಕ್ಕೂ ಒಂದು ಗಂಡಿ ತೆರೆದದ್ದು ಭಾರತದವನ ಮನೆಯೇ. ಸುರೀಂದರ್ ಸಿಂಗ್. ಅವನ ಹೆಂಡತಿ ಬ್ರಿಟನ್ ಪ್ರಜೆ. ಇಬ್ಬರೂ ಜರ್ಮನಿಗೆ ಹೋಗಿ 1983ರಿಂದ 1985ರವರೆಗೆ ದುಡಿದು ಬ್ರಿಟನ್ನಿಗೆ ವಾಪಸ್ಸಾದರು. ಹಾಗೆ ಹೊರಗೆ ದುಡಿದು ತನ್ನ ದೇಶಕ್ಕೆ ಮರಳುವವರ ಸಂಗಾತಿಗೂ ಒಕ್ಕೂಟದ ಹಕ್ಕು ಸಿಗಬೇಕು ಎಂದು 1992ರಲ್ಲಿ ನ್ಯಾಯಾಲಯ ಹೇಳಿತು. ಇವತ್ತಿಗೂ ಯುರೋಪಿನ ಎಲ್ಲ ವಲಸೆ ವಕೀಲರ ಬಾಯಲ್ಲಿ ಆ ಹೆಸರಿದೆ. ನಮ್ಮವರು ತೆರೆದ ದಾರಿ ಅದು!

ಕೂಗಿದರೆ ಏನೂ ಆಗುವುದಿಲ್ಲ ಎನ್ನುವವರು ಇದ್ದಾರೆ. ಅವರಿಗೆ ಹೇಳಿ: ಇಲ್ಲಿ ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ ಮೇಲೆ ಬಂದವರ ಗಂಡ ಹೆಂಡಿರಿಗೆ ಬೇರೆ ಪರ್ಮಿಟ್ ಇಲ್ಲದೆ ಕೆಲಸ ಮಾಡುವ ಹಕ್ಕು 2019ರಲ್ಲಿ ಬಂತು. ಜನರಲ್ ಪರ್ಮಿಟ್ಟಿನವರ ಸಂಗಾತಿಗಳಿಗೆ 2024ರ ಮೇ ತಿಂಗಳಲ್ಲಿ ಬಂತು. ಅಲ್ಲಿಯತನಕ ಆ ಮನೆಗಳಲ್ಲೂ ಇದೇ ಕತ್ತಲೆ. ಆ ನಿಯಮ ತಾನಾಗಿ ಬದಲಾಗಲಿಲ್ಲ. ಜನ ಸೇರಿದರು, ಪತ್ರ ಬರೆದರು, ಬಿಡದೆ ಕೇಳಿದರು.

ಈಗ ನಮ್ಮ ಸರದಿ. ಇವತ್ತಿನಿಂದ ಹೀಗೆ ಮಾಡಿ.

ಅರ್ಜಿ ಹಾಕುವಾಗ ಒಂದು ಚೂರೂ ಕೊರತೆ ಇರಬಾರದು. ಕೊರತೆ ಕಂಡರೆ ಫೈಲು ವಾಪಸ್, ಕಾಲ ಮತ್ತೆ ಮೊದಲಿನಿಂದ. ಮದುವೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿಲ್ಲವೇ? ಊರಿನವರಿಗೆ ಇವತ್ತೇ ಫೋನ್ ಮಾಡಿ. ಛತ್ರದ ರಸೀದಿ, ಲಗ್ನಪತ್ರಿಕೆ ಸಾಲದು, ಪ್ರಮಾಣಪತ್ರವೇ ಬೇಕು. ಅಪೊಸ್ಟಿಲ್ ಮುದ್ರೆ ಹಾಕಿಸಿ. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ. ಸಂಗಾತಿಯ ಸಂಬಳದ ಚೀಟಿ, ಬಾಡಿಗೆ ಕರಾರು, ಕರೆಂಟು ಬಿಲ್ಲು ಎಲ್ಲ ಜೋಡಿಸಿ. ಪ್ರತಿ ಹಾಳೆಯ ನಕಲು ಮನೆಯಲ್ಲಿರಲಿ. ಕಳಿಸಿದ ತಾರೀಖು ಗೋಡೆಯ ಮೇಲಿರಲಿ. ಆ ತಾರೀಖಿನಿಂದ ಆರು ತಿಂಗಳು ಎಣಿಸಿ!

ಸಂಗಾತಿಯ ಕೆಲಸ ಹೋಯಿತೇ? ಗಾಬರಿಯಾಗಬೇಡಿ, ಆದರೆ ಸುಮ್ಮನೆ ಕೂರಲೂ ಬೇಡಿ. ತಾವಾಗಿ ಬಿಡದೆ ಕೆಲಸ ಕಳೆದುಕೊಂಡವರು ಕೆಲಸ ಹುಡುಕುವವರೆಂದು ಸರ್ಕಾರದಲ್ಲಿ ಹೆಸರು ಬರೆಸಿದರೆ ಹಕ್ಕು ಕೂಡಲೇ ಹೋಗುವುದಿಲ್ಲ. ಮೊದಲ ವಾರವೇ ಬರೆಸಿ.

ಕಂಪನಿಯವರು "ಕಾರ್ಡು ತನ್ನಿ" ಎಂದರೆ ಬಾಯಿಮಾತಿಗೆ ಬಿಡಬೇಡಿ. ನಿರ್ದೇಶನದ 23 ಮತ್ತು 25ನೇ ವಿಧಿಗಳನ್ನು ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಡಿ. ಏಕೆ ಕೊಡುವುದಿಲ್ಲ ಎಂದು ಬರವಣಿಗೆಯಲ್ಲಿ ಕೇಳಿ. ರಾಷ್ಟ್ರೀಯತೆಯ ಕಾರಣಕ್ಕೆ ಕೆಲಸ ನಿರಾಕರಿಸುವುದು ಇಲ್ಲಿಯ ಉದ್ಯೋಗ ಸಮಾನತೆ ಕಾಯಿದೆಗೆ ವಿರುದ್ಧ. ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್‌ಗೆ ದೂರು ಕೊಡಬಹುದು. ದೂರಿಗೆ ಕಾಲಮಿತಿ ಆರು ತಿಂಗಳು, ಮರೆಯಬೇಡಿ.

ಅರ್ಜಿ ತಿರಸ್ಕಾರವಾದರೆ ಅಳುತ್ತ ಕೂರಬೇಡಿ. ಕಾರಣವನ್ನು ಪೂರ್ತಿಯಾಗಿ ಬರೆದು ಕೊಡಬೇಕಾದದ್ದು ಅವರ ಕರ್ತವ್ಯ. ಮರುಪರಿಶೀಲನೆ ಕೇಳುವುದು ನಿಮ್ಮ ಹಕ್ಕು. ಆದರೆ ಸಮಯ ಬಹಳ ಕಡಿಮೆ. ಪತ್ರ ಬಂದ ದಿನವೇ ಸಿಟಿಜನ್ಸ್ ಇನ್‌ಫರ್ಮೇಷನ್ ಕಚೇರಿಗೆ ಹೋಗಿ, ಉಚಿತ ಕಾನೂನು ನೆರವು ಕೇಂದ್ರಕ್ಕೆ ಹೋಗಿ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ! ಪುಕ್ಕಟೆ ಸಿಗುವ ಕಾರ್ಡಿಗೆ ನೂರಾರು ಯೂರೋ ಕಿತ್ತುಕೊಳ್ಳುತ್ತಾರೆ.

ಆರು ತಿಂಗಳು ದಾಟಿತೇ? ಸಾಲ್ವಿಟ್ ಎಂಬ ವ್ಯವಸ್ಥೆ ಒಕ್ಕೂಟದ ಪ್ರತಿ ದೇಶದಲ್ಲಿದೆ. ಪುಕ್ಕಟೆ. ಸಂಗಾತಿಯ ಹೆಸರಿನಿಂದ, ಅವರ ತಾಯ್ನಾಡಿನ ಸಾಲ್ವಿಟ್‌ಗೆ ದೂರು ಬರೆಸಿ. ಹತ್ತು ವಾರದೊಳಗೆ ದಾರಿ ಹುಡುಕುವುದು ಅವರ ಗುರಿ. ಅದೂ ಆಗಲಿಲ್ಲವೇ? ಐರೋಪ್ಯ ಸಂಸತ್ತಿನ ಅರ್ಜಿಗಳ ಸಮಿತಿಗೆ ಬರೆಯಿರಿ. ಅಲ್ಲಿಗೆ ಒಕ್ಕೂಟದಲ್ಲಿ ವಾಸಿಸುವ ಯಾರು ಬೇಕಾದರೂ ಬರೆಯಬಹುದು. ಭಾರತದ ಪಾಸ್‌ಪೋರ್ಟಿನವರೂ!

ಇನ್ನೊಂದು ಸಂಗತಿ ನಮ್ಮಲ್ಲಿ ಅರ್ಧ ಜನರಿಗೆ ಗೊತ್ತೇ ಇಲ್ಲ. ಐರ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಇಲ್ಲಿ ವಾಸಿಸುವ ಪ್ರತಿಯೊಬ್ಬ ವಯಸ್ಕರಿಗೂ ಮತ ಇದೆ. ಪೌರತ್ವ ಬೇಡ! ಕಾರವಾರದ ಆ ಹೆಣ್ಣುಮಗಳಿಗೂ ಮತ ಇದೆ! ನಿಮ್ಮ ಸಂಗಾತಿಗೆ ಐರೋಪ್ಯ ಸಂಸತ್ತಿನ ಚುನಾವಣೆಯಲ್ಲೂ ಮತ ಇದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಹೆಸರು ಪಟ್ಟಿಯಲ್ಲಿದ್ದರೆ ಕೌನ್ಸಿಲರ್ ನಿಮ್ಮ ಬಾಗಿಲಿಗೆ ಬರುತ್ತಾರೆ. ಬಂದಾಗ ಈ ಹಾಳೆಯನ್ನು ಅವರ ಕೈಗೆ ಕೊಡಿ.

ನಾವು ಕೇಳುತ್ತಿರುವುದು ಭಿಕ್ಷೆಯಲ್ಲ!

ಅರ್ಜಿ ಕೊಟ್ಟ ದಿನವೇ ಕೆಲಸ ಮಾಡಬಹುದು ಎಂದು ಸ್ಪಷ್ಟವಾಗಿ ಬರೆದ ಪತ್ರ ಕೈಗೆ ಬರಲಿ! ತೀರ್ಮಾನ ಆಗುವವರೆಗೆ ಅದಕ್ಕೆ ಮುಗಿಯುವ ತಾರೀಖು ಬೇಡ! ಆರು ತಿಂಗಳೊಳಗೆ ಕಾರ್ಡು ಬರಲಿ! ಹೊಡೆತ ತಿಂದ ಹೆಣ್ಣುಮಗಳ ಹಕ್ಕು ಹೊಡೆದವನ ವಿಮಾನದ ಟಿಕೆಟ್ಟಿಗೆ ಕಟ್ಟುಬೀಳದಿರಲಿ! ಐರಿಶ್ ಪ್ರಜೆಯ ಸಂಗಾತಿಗೂ ಪೋರ್ಚುಗಲ್ ಪ್ರಜೆಯ ಸಂಗಾತಿಗೂ ಒಂದೇ ನ್ಯಾಯ ಸಿಗಲಿ!

ಲೂಕನ್‌ನಲ್ಲಿರುವವರೇ, ಬ್ಲಾಂಚರ್ಡ್ಸ್‌ಟೌನ್, ಸ್ವೋರ್ಡ್ಸ್, ಟಾಲಾದಲ್ಲಿರುವವರೇ! ನಿಮ್ಮ ಕ್ಷೇತ್ರದ ಸಂಸದರು, ಇಲ್ಲಿಯವರು ಟಿ.ಡಿ. ಎನ್ನುತ್ತಾರಲ್ಲ, ಅವರು ಜನರ ಅಹವಾಲು ಕೇಳಲು ಕ್ಲಿನಿಕ್ ನಡೆಸುತ್ತಾರೆ. ಯಾವ ದಿನ, ಎಷ್ಟು ಗಂಟೆಗೆ ಎಂದು ಇವತ್ತೇ ಅವರ ಕಚೇರಿಗೆ ಫೋನ್ ಮಾಡಿ ಕೇಳಿ. ಒಬ್ಬರೇ ಹೋಗಬೇಡಿ. ಒಬ್ಬರು ಹೋದರೆ ಒಂದು ಫೈಲು, ಹತ್ತು ಮನೆ ಹೋದರೆ ಒಂದು ಪ್ರಶ್ನೆ. ಆ ಪ್ರಶ್ನೆಯನ್ನು ಸಂಸತ್ತಿನಲ್ಲಿ ಸಚಿವರ ಮುಂದೆ ಇಡುವ ಅಧಿಕಾರ ಅವರಿಗೆ ಇದೆ. ಬರವಣಿಗೆಯಲ್ಲಿ ಉತ್ತರ ತರಿಸಿಕೊಡಿ ಎಂದು ಕೇಳಿ. ಇಂಗ್ಲಿಷ್ ಮಾತಾಡಲು ಹಿಂಜರಿಯುವವರು ಇದ್ದರೆ, ಮಾತಾಡಬಲ್ಲವರು ನಮ್ಮಲ್ಲಿ ಬಹಳ ಜನರಿದ್ದಾರೆ, ಪಕ್ಕದಲ್ಲಿ ನಿಲ್ಲುತ್ತೇವೆ. ಮಕ್ಕಳನ್ನು ಯಾರ ಹತ್ತಿರ ಬಿಡುವುದು ಎಂದು ಯೋಚಿಸಬೇಡಿ, ಕರೆದುಕೊಂಡೇ ಬನ್ನಿ. ಅರ್ಜಿಯ ನಕಲು, ಬಂದ ಪತ್ರಗಳು, ಕೆಲಸ ಕೊಡಲಾಗದು ಎಂದು ಕಂಪನಿ ಬರೆದ ಇಮೇಲು ಎಲ್ಲವನ್ನೂ ಆ ಪ್ಲಾಸ್ಟಿಕ್ ಕವರಿಗೇ ಹಾಕಿಕೊಳ್ಳಿ. ಗಂಡನೂ ಬರಲಿ, ಹೆಂಡತಿಯೂ ಬರಲಿ. ಎರಡು ಪಾಸ್‌ಪೋರ್ಟುಗಳನ್ನೂ ಅವರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಉತ್ತರ ಕೇಳಿ!